ಪಂಪಿನ ಮ್ಯಾಲ ಬರೀರಿ, ಅಪ್ಪನ ಗಾಡಿಗೆ ಏನ್ ಹಾಕ್ತೀರಿ ಅಂತ

ದೆಹಲಿಯಾಗ ಕುಂತು ಪೆಟ್ರೋಲಿನ ಧೋರಣಿ ಮಾಡೋ ದೊಡ್ಡವರಿಗೆ, ಎಣ್ಣಿ ಕಂಪನಿ ಅಧಿಕಾರಿಗಳಿಗೆ, ಮತ್ತ ಬೈಕು ಕಾರು ತಯಾರ ಮಾಡೋ ಕಂಪನಿಗಳಿಗೆ,

ಬಾಗಲಕೋಟಿ ಜಿಲ್ಲಾ ಜಮಖಂಡಿ ತಾಲೂಕಿನಿಂದ ನಮಸ್ಕಾರ.

ನಾ ಆಟೋಮೊಬೈಲ್ ಓದಿದಾಂವ ಅಲ್ರಿ. ಹಗಲೆಲ್ಲಾ ಒಂದ ಆಫೀಸಿನ್ಯಾಗ ಕಂಪ್ಯೂಟರ್ ಕೆಲಸ, ಸಂಜಿಗೆ ಮನಿಗೆ ಬಂದ್ ಮ್ಯಾಲ ಹಳೆ ಮೊಬೈಲ್ ಬಿಚ್ಚೋದು, ಬ್ಯಾಟರಿ ಬದಲಿ ಮಾಡೋದು, ಯಾರದರ ಗಾಡಿ ಕೆಟ್ಟಿದ್ರ ಅದರ ಮುಂದ ಕುಂದ್ರೋದು, ಹೊಸಾ ಫೋನ್ ಯಾವದ ಬಂತು, ಹೊಸಾ ಕಾರಿನ ಇಂಜಿನ್ ಎಷ್ಟ ಸಿಸಿ, ಯಾವದರಾಗ ಯಾವ ಚಿಪ್ ಐತಿ, ಇದ ನನ್ನ ಹುಚ್ಚು. ಇಪ್ಪತ್ತ ವರ್ಷದಿಂದ ಇದ ಹುಚ್ಚಿನ್ಯಾಗ ಅದೀನಿ. ಅದಕ್ಕ ಇವತ್ತ ಇ20, ಅಂದ್ರ ನೂರರಾಗ 20 ಪಾಲು ಎಥನಾಲ್ ಅನ್ನೋ ಮದ್ಯಸಾರ ಕಲಸಿದ ಪೆಟ್ರೋಲಿನ ಬಗ್ಗೆ ನಿಮಗ ಬರೀಬೇಕು ಅನ್ನಿಸ್ತು, ಯಾಕಂದ್ರ ಈ ಒಂದ ವಿಷಯದಾಗ ನಾನು ಎರಡೂ ಕಡೆ ಅದೀನಿ, ಎಥನಾಲ್ ಬರೋ ಕಬ್ಬ ಬೆಳೆಯೋ ಮನಿಯಾಂವನೂ ನಾನ, ಅದನ್ನ ಹಳೆ ಗಾಡಿಗೆ ಹಾಕ್ಕೊಂಡ ಓಡಾಡಾಂವನೂ ನಾನ.

ಮದಲ ಒಂದ್ ಮಾತ ಖಡಕ್ಕಾಗಿ ಹೇಳ್ತೀನಿ. ನಾ ಎಥನಾಲ್ ವಿರೋಧಿ ಅಲ್ಲ. ನಮ್ಮದ ಎರಡೂವರಿ ಎಕರೆ ಕಬ್ಬ ಐತಿ, ಹಿಪ್ಪರಗಿ ಬ್ಯಾರೇಜಿನ ನೀರಿನ ಮ್ಯಾಲ ಜೀವನಾ. ಚಳಿಗಾಲ ಬಂತಂದ್ರ ಮುಧೋಳ ರಸ್ತೆದಾಗ ಕಬ್ಬಿನ ಟ್ರ್ಯಾಕ್ಟರ್ ಸಾಲು, ಡಬಲ್ ಟ್ರೇಲರ್, ಹಿಂದ ರೇಡಿಯಂ ಸ್ಟಿಕರ್ ಇರಂಗಿಲ್ಲ, ಅದೊಂದ ಬ್ಯಾರೆ ಕತಿ. ಡಿಸ್ಟಿಲರಿ ಸಮೀಪ ಬಂದ್ರ ಕಾಕಂಬಿ ವಾಸನಿ ಮೂಗಿಗೆ ಹೊಡೀತೈತಿ. ಪ್ಯಾಟಿ ಮಂದಿ ಮೂಗ ಮುಚ್ಕೋತಾರ, ನಮಗ ಅದು ಬಿಲ್ಲಿನ ವಾಸನಿ. ಒಂದ ಟನ್ ಕಬ್ಬ ಅರದು ಸಕ್ಕರಿ ಎಲ್ಲಾ ತಗದ ಮ್ಯಾಲ ಉಳಿಯೋ ಕೊನೀ ಕಾಕಂಬಿಯಿಂದ ಬರೇ 10-11 ಲೀಟರ್ ಎಥನಾಲ್ ಬರ್ತೈತಿ, ಅದ ಸಕ್ಕರಿ ಮಾಡದ ಕಬ್ಬಿನ ಹಾಲನ್ನ ನೇರ ಹುಳಿ ಬರಿಸಿದ್ರ 70 ಲೀಟರ್ ತನಕ ಬರ್ತೈತಿ. ಸಕ್ಕರಿ ಜಾಸ್ತಿ ಆಗಿ ರೇಟ್ ಬಿದ್ದಾಗ ಫ್ಯಾಕ್ಟರಿಯವರಿಗೆ ಇದೊಂದ ದಾರಿ, ಫ್ಯಾಕ್ಟರಿಗೆ ರೊಕ್ಕ ಬಂದ್ರ ನಮ್ಮ ಬಿಲ್ ಬರ್ತೈತಿ ಅನ್ನೋ ಆಸೆ. ಪರದೇಶದಿಂದ ತರೋ ಕಚ್ಚಾ ಎಣ್ಣಿ ಕಡಿಮಿ ಆಗ್ತೈತಿ ಅನ್ನೋದೂ ಖರೇ. 2014ರಾಗ ಬರೇ ಒಂದೂವರಿ ಪರ್ಸೆಂಟ್ ಇದ್ದ ಮಿಶ್ರಣ 2022ರ ಜೂನಿನ್ಯಾಗ 10 ಆಯ್ತು, 2030ಕ್ಕ ಅಂತ ಇಟ್ಟಿದ್ದ 20ರ ಗುರಿ 2025ರಾಗ ಮುಟ್ಟಿದ್ವಿ. ಇದು ಸಣ್ಣ ಕೆಲಸ ಅಲ್ಲ, ನಮ್ಮ ಜಿಲ್ಲಾದ ಮಂದಿಯ ಬೆವರೂ ಇದರಾಗ ಐತಿ.

ಆದ್ರ ನನ್ನ ತಕರಾರು ಇರೋದು ಬ್ಯಾರೆ. ಹೇಳದ ಹಾಕಿದ್ರಿ.

ನಮ್ಮಪ್ಪನ ಹತ್ರ 2009ರ ಒಂದ ನೂರು ಸಿಸಿ ಬೈಕ್ ಐತಿ, ಕಂಪನಿ ಹೆಸರ ಬ್ಯಾಡ, ಎಲ್ಲಾ ಹಳ್ಳಿಯಾಗೂ ಇರೋ ಅಂಥಾದ. ದಿನಾ ಮುಂಜಾನೆ ಎರಡು ಹಾಲಿನ ಕ್ಯಾನು ಕಟ್ಕೊಂಡ ಡೈರಿಗೆ, ಅಲ್ಲಿಂದ ಹೊಲಕ್ಕ, ಹೊಲದಿಂದ ಮನಿಗೆ. ಹದಿನಾರ ವರ್ಷದಾಗ ಆ ಗಾಡಿ ಅಪ್ಪನ್ನ ಒಮ್ಮೆನೂ ದಾರ್ಯಾಗ ಕೈ ಬಿಟ್ಟಿರಲಿಲ್ಲ. ಹೋದ ಚಳಿಗಾಲದಾಗ ಶುರುವಾತು. ಮುಂಜಾನೆ ಚೋಕ್ ಎಳದ್ರೂ ಹತ್ತ ಹನ್ನೆರಡ ಕಿಕ್, ಚಾಲೂ ಆದ್ರ ಎಕ್ಸಲೇಟರ್ ತಿರುವಿದ ಕೂಡಲೇ ಬಗ್ಗಂತ ಸತ್ತ ಹೋಗೋದು, ಏರಿನ್ಯಾಗ ದಮ್ಮ ಇಲ್ಲ. ಪ್ಲಗ್ ಬದಲಿ ಮಾಡಿದ್ವಿ, ಏರ್ ಫಿಲ್ಟರ್ ಬದಲಿ ಮಾಡಿದ್ವಿ. ಒಂದಿನ ಹೊಲದ ದಾರ್ಯಾಗ ಪೂರ್ತಿ ಬಂದ್ ಆತು, ಅರವತ್ತೇಳ ವರ್ಷದ ಮನುಷ್ಯಾ ಹಾಲಿನ ಕ್ಯಾನ್ ಸಮೇತ ಎರಡು ಕಿಲೋಮೀಟರ್ ತಳ್ಕೊಂಡ ಬಂದಾನ, ಫೋನ್ ಮಾಡಿದ್ರ ನಾ ಬರ್ತಿದ್ನಿ, ಮಗನ ಆಫೀಸ್ ಟೈಮ್ ಅಂತ ಮಾಡಿಲ್ಲ.

ಆವತ್ತ ಸಂಜಿಗೆ ಅಂಗಳದಾಗ ಪೇಪರ್ ಹಾಸಿ ಕಾರ್ಬೋರೇಟರ್, ಅಂದ್ರ ಪೆಟ್ರೋಲಿಗೆ ಗಾಳಿ ಕಲಸಿ ಇಂಜಿನ್ನಿಗೆ ಕೊಡೋ ಪಾರ್ಟ್, ಬಿಚ್ಚಿದ್ನಿ. ಕೆಳಗಿನ ಬಟ್ಟಲಾ ತಗದ್ರ ಒಳಗ ತಳಕ್ಕ ನೀರಿನ ಹನಿ, ಪೆಟ್ರೋಲಿನ ಕೆಳಗ ಬ್ಯಾರೆ ಗುಳ್ಳಿ ಹಂಗ ಹೊಳ್ಳಾಡತಿದ್ವು. ಬಟ್ಟಲದ ಸುತ್ತ ಇರೋ ರಬ್ಬರ್ ಗ್ಯಾಸ್ಕೆಟ್ ತಗದ್ನಿ, ಒರಸಿ ತಿರುಗಿ ಅದರ ಜಾಗಾದಾಗ ಕೂಡ್ರಸಾಕ ಹೋದ್ರ ಕೂಡವಲ್ದು, ಉಬ್ಬಿ ಉದ್ದಾಗಿ ಹೊರಗ ಬರಾತಿತ್ತು, ಒಂದ ಕಡೆ ಒತ್ತಿದ್ರ ಇನ್ನೊಂದ ಕಡೆ ಏಳತೈತಿ. ಟ್ಯಾಂಕಿನಿಂದ ಬರೋ ಪೈಪ್ ಬೆರಳಿನ್ಯಾಗ ಹಿಚುಕಿದ್ರ ನೆನಸಿದ ಕಡ್ಲಿ ಹಂಗ ಮೆತ್ತಗ, ತುದಿಗೆ ಕರೀ ಪುಡಿ ಬೆರಳಿಗೆ ಹತ್ತಾತು. ಒಂದ ಮಾತ ನಾನ ಹೇಳಬೇಕು, ಹದಿನಾರ ವರ್ಷದ ರಬ್ಬರ್ ಅದು, ವಯಸ್ಸಾಗಿನೂ ಹಾಳಾಗಿರಬಹುದು, ಎಲ್ಲಾ ಎಥನಾಲ್ ಮ್ಯಾಲ ಹಾಕಂಗಿಲ್ಲ. ಆದ್ರ ಹಳೇದಾದ ರಬ್ಬರ್ ಗಟ್ಟಿ ಆಗಿ ಸೀಳತೈತಿ, ಉಬ್ಬಿ ಮೆತ್ತಗ ಆಗೋದು ಬ್ಯಾರೆ ರೋಗ. ಸಾದಾ ನೈಟ್ರೈಲ್ ರಬ್ಬರ್ ಎಥನಾಲ್ ಕುಡದ್ರ ಉಬ್ಬತೈತಿ, ಅದಕ್ಕ ತಡಕೊಳ್ಳೋದು ಫ್ಲೋರಿನ್ ಇರೋ ರಬ್ಬರ್, ಅದರ ರೇಟ್ ಜಾಸ್ತಿ. 2023ರ ಏಪ್ರಿಲ್ ಆದ ಮ್ಯಾಲ ಬಂದ ಗಾಡಿಗಳಿಗೆ ಇ20 ತಡಕೊಳ್ಳೋ ಪಾರ್ಟ್ ಹಾಕ್ಯಾರ. 2009ರ ಗಾಡಿಗೆ ಯಾರ ಹಾಕ್ಯಾರ?

ಮತ್ತ ಆ ನೀರು. ಎಥನಾಲಿಗೂ ನೀರಿಗೂ ಭಾಳ ದೋಸ್ತಿ. ಬರೇ ಪೆಟ್ರೋಲ್ ಇದ್ರ ನೀರು ಬಿದ್ದ ಕೂಡಲೇ ತಳಕ್ಕ ಹೋಗಿ ಕುಂದ್ರತೈತಿ, ಎಥನಾಲ್ ಇದ್ರ ಸ್ವಲ್ಪ ನೀರನ್ನ ಕರಗಿಸ್ಕೊಂಡ ಇಂಜಿನ್ ಒಳಗ ಸುಟ್ಟೂ ಬಿಡತೈತಿ, ಅದು ಒಳ್ಳೇದ ಅನ್ರಿ. ಆದ್ರ ಮಿತಿ ದಾಟಿತು ಅಂದ್ರ ಎಥನಾಲ್ ಪೆಟ್ರೋಲನ್ನ ಬಿಟ್ಟು ನೀರಿನ ಜೋಡಿ ಸೇರ್ಕೊಂಡ ಎರಡೂ ಕೂಡಿ ಕೆಳಗ ಇಳೀತಾವ, ಗಾಡಿ ಎಳ್ಕೊಳ್ಳೋದ ಕೆಳಗಿಂದ. ನಮ್ಮ ಕಡೆ ಗಾಡಿ ಶೆಡ್ಡಿನ್ಯಾಗ ಇರಂಗಿಲ್ಲ, ಬೇವಿನ ಗಿಡದ ಕೆಳಗ ಮಳ್ಯಾಗ ಬಿಸಲಾಗ ನಿಂದರತಾವ, ಟ್ಯಾಂಕಿನ ಮುಚ್ಚಳದ ರಬ್ಬರ್ ಹೋಗಿ ಎಷ್ಟೋ ವರ್ಷ ಆಗಿರತಾವ.

ಬಂಕಿಗೆ ಹೋಗಿ ಕೇಳಿದ್ನಿ, ಅಣ್ಣಾ ಇದರಾಗ ಎಥನಾಲ್ ಎಷ್ಟೈತಿ ಅಂತ. ಪಾಪ ಆ ಹುಡುಗ ಪೆಟ್ರೋಲ್ ಐತಿ ರಿ ಅಂದ. ಅವನ ತಪ್ಪಲ್ಲ, ಅವಂಗ ಯಾರೂ ಹೇಳಿಲ್ಲ, ನಾ ನಿಂತ ಮಶಿನ್ ಮ್ಯಾಲ ರೇಟ್ ಐತಿ, ಲೀಟರ್ ಐತಿ, ಯುಪಿಐ ಸ್ಕ್ಯಾನರ್ ಐತಿ, ಒಳಗ ಏನೈತಿ ಅನ್ನೋದು ಮಾತ್ರ ಇಲ್ಲ. ಅದಕ್ಕ ನಾನ ಅಳದ್ನಿ. 100 ಮಿಲಿಯ ಅಳತಿ ಗಾಜಿನ ಕೊಳವಿ ತಂದ್ನಿ, ಕಾಲೇಜ್ ಲ್ಯಾಬಿನ್ಯಾಗ ಇರ್ತಾವಲ್ಲ ಅಂಥಾದು. ಒಲಿ ಬೀಡಿ ಎಲ್ಲಾ ದೂರ ಇಟ್ಟು ಬಯಲಾಗ ಕುಂತು 90 ಮಿಲಿ ಪೆಟ್ರೋಲ್ ಹಾಕಿದ್ನಿ, 10 ಮಿಲಿ ನೀರ ಹಾಕಿದ್ನಿ, ನೀರಾಗ ಕಾಣಲಿ ಅಂತ ಎರಡ ಹನಿ ನೀಲಿ ಶಾಯಿ. ಬಿರಡಿ ಹಾಕಿ ಅಲಗಾಡಿಸಿ ಹತ್ತ ನಿಮಿಷ ಇಟ್ನಿ. ಮದಲ ಎಲ್ಲಾ ಕಲಸಿ ಹಾಲ ಹಂಗ ಆಗಿತ್ತು, ಆಮ್ಯಾಲ ನಿಧಾನಕ ಗೀಟ ಬೀಳ್ತಾ ಬಂತು, ಮ್ಯಾಲ ಪೆಟ್ರೋಲ್ ಕೆಳಗ ನೀಲಿ, ಆ ನೀಲಿ ಮುಟ್ಟಿದ್ದು 28ರ ಹತ್ರ ಹತ್ರ. ಹಾಕಿದ್ದ 10, ಆಗಿದ್ದ 28, ಅಂದ್ರ 90ರಾಗ 18 ಎಥನಾಲ್, ಸರಿಯಾಗಿ ಐದರಾಗ ಒಂದ ಪಾಲು. ಬಂಕಿನವರು ಮೋಸ ಮಾಡಿಲ್ಲ, ನೀವು ಎಷ್ಟ ಹಾಕ್ತೀವಿ ಅಂದ್ರೋ ಅಷ್ಟ ಐತಿ. ಅಪ್ಪ ಮಗ್ಗಲದಾಗ ಕುಂತು ನೋಡಾತಿದ್ದ, ನೋಡಿ ಕೇಳಿದ, ಇದನ್ನ ಅವರ ಬರದ ಹಚ್ಚಿದ್ರ ನೀ ಯಾಕ ಇಷ್ಟೆಲ್ಲಾ ಮಾಡ್ತಿದ್ದಿ? ನನ್ನ ಇಡೀ ಪತ್ರ ಆ ಒಂದ ಪ್ರಶ್ನಿಯಾಗ ಐತ್ರಿ.

ನಾ ಮೊಬೈಲ್ ಚಾರ್ಜರ್ ತಗೊಂಡ್ರ ಅದರ ಮ್ಯಾಲ ಎಷ್ಟ ವೋಲ್ಟ್, ಎಷ್ಟ ಆಂಪಿಯರ್, ಎಷ್ಟ ವ್ಯಾಟ್ ಅಂತ ಭೂತಗನ್ನಡಿ ಹಿಡದ್ರ ಕಾಣೋ ಅಕ್ಷರದಾಗರ ಬರದಿರತಾರ. ಐದ ರೂಪಾಯಿ ಬಿಸ್ಕೀಟ್ ಪುಡಿಕ್ಯಾಗ ಸಕ್ಕರಿ ಎಷ್ಟ, ಎಣ್ಣಿ ಎಷ್ಟ ಅಂತ ಇರ್ತೈತಿ. ಯುರೋಪಿನ್ಯಾಗ 2018ರ ಅಕ್ಟೋಬರದಿಂದ ಎಲ್ಲಾ ಪಂಪಿನ ನಾಝಲ್ ಮ್ಯಾಲ ದುಂಡಗ ಗೆರಿ ಹಾಕಿ ಒಳಗ ಇ5 ಅಥವಾ ಇ10 ಅಂತ ಸ್ಟಿಕರ್ ಹಚ್ಚತಾರ, ಹೊಸಾ ಗಾಡಿಯ ಟ್ಯಾಂಕ್ ಮುಚ್ಚಳದ ಹತ್ರನೂ ಅದ ಗುರುತ ಇರ್ತೈತಿ, ಓದಾಕ ಬರಲಿಲ್ಲಂದ್ರೂ ಗುರುತಿಗೆ ಗುರುತ ಹೊಂದಿಸಿ ಹಾಕ್ಕೋಬಹುದು. ನಮ್ಮೂರ ಬಂಕಿನ್ಯಾಗ ನೂರ ರೂಪಾಯಿ ಮ್ಯಾಲ ಕೊಟ್ಟ ತಗೊಳ್ಳೋ ಒಂದ ಲೀಟರಿಗೆ ಆ ಗುರುತ ಇಲ್ಲ. ಒಂದ ಸ್ಟಿಕರ್ ರಿ. ಕನ್ನಡದಾಗ, ದಪ್ಪ ಅಕ್ಷರದಾಗ, ಇದರಾಗ 20 ಪರ್ಸೆಂಟ್ ಎಥನಾಲ್ ಐತಿ ಅಂತ.

ಮೈಲೇಜಿನ ಬಗ್ಗೆ ಭಾಳ ಜಗಳ ನಡದಾವ, ಒಬ್ಬರು ಅರ್ಧಕ್ಕ ಇಳೀತು ಅಂತಾರ, ಇನ್ನೊಬ್ಬರು ಏನೂ ಆಗಿಲ್ಲ ಅಂತಾರ. ಎರಡೂ ಸುಳ್ಳು. ಲೆಕ್ಕ ಸರಳ ಐತಿ. ಒಂದ ಲೀಟರ್ ಪೆಟ್ರೋಲಿನ್ಯಾಗ ಇರೋ ಶಕ್ತಿ 32 ಮೆಗಾಜೂಲ್ ಅಂತ ಹಿಡದ್ರ ಎಥನಾಲಿನ್ಯಾಗ 21, ಅಂದ್ರ ಮೂರರಾಗ ಎರಡ ಪಾಲು. ಐದನೇ ಒಂದ ಪಾಲು ಜಾಗಾದಾಗ ಮೂರನೇ ಒಂದ ಪಾಲು ಶಕ್ತಿ ಕಡಿಮಿ ಆದ್ರ ಒಟ್ಟ 6-7 ಪರ್ಸೆಂಟ್ ಇಳೀಬೇಕು. 2021ರ ನೀತಿ ಆಯೋಗದ ವರದಿಯಾಗೂ ಇದ ಲೆಕ್ಕ ಐತಿ, ಎಥನಾಲ್ ಇಲ್ಲದ ಪೆಟ್ರೋಲಿಗೆ ಡಿಸೈನ್ ಮಾಡಿ ಇ10ಕ್ಕ ಹೊಂದಿಸಿದ ಕಾರಿಗೆ 6-7, ಅಂಥಾ ಬೈಕಿಗೆ 3-4, ಇ20ಕ್ಕ ಹೊಂದಿಸಿದ ಹೊಸಾ ಕಾರಿಗೆ 1-2. ಅಪ್ಪನ ಗಾಡಿ ಫುಲ್ ಟ್ಯಾಂಕ್ ಟು ಫುಲ್ ಟ್ಯಾಂಕ್ ನಾ ಬರದ ಇಟ್ಟೀನಿ, 60 ಕೊಡ್ತಿದ್ದದ್ದು 57ಕ್ಕ ಬಂದೈತಿ. ಒಂದ ಗಾಡಿ ಲೆಕ್ಕಾ ದೇಶದ ಲೆಕ್ಕಾ ಅಲ್ಲ, ಆದ್ರೂ ಹೊಂದತೈತಿ. ಅದ ವರದಿಯಾಗ ಇನ್ನೂ ಎರಡ ಮಾತ ಇದ್ವು ಸಾಹೇಬ್ರ, ಮೈಲೇಜ್ ಇಳಿಯೋದಕ್ಕ ಬದಲಿ ಇಂಥಾ ಪೆಟ್ರೋಲಿನ ರೇಟ್ ಸಾದಾ ಪೆಟ್ರೋಲಿಗಿಂತ ಕಡಿಮಿ ಇರಬೇಕು ಅಂತ, ಮತ್ತ ಹಳೆ ಗಾಡಿಗಳ ಸಲುವಾಗಿ ಇ10 ಸಿಗಂಗ ಇಟ್ಟಿರಬೇಕು ಅಂತ. 20ರ ಗುರಿ ಮಾತ್ರ ಎತ್ತಕೊಂಡ್ರಿ, ಈ ಎರಡನ್ನ ಅಲ್ಲೇ ಬಿಟ್ರಿ. ರೇಟಿನ ಬಗ್ಗೆ ನಿಮ್ಮ ಉತ್ತರ ನಾ ಓದೀನಿ, 2025ರ ಜುಲೈ ಹೊತ್ತಿಗೆ ಎಥನಾಲ್ ಖರೀದಿನ ಸರಾಸರಿ ಲೀಟರಿಗೆ 71 ರೂಪಾಯಿ ದಾಟೈತಿ, ಅಗ್ಗ ಇಲ್ಲ ಅಂತ. ಸರಿ, ಒಪ್ತೀನಿ, ರೈತಗ ರೊಕ್ಕ ಮುಟ್ಟತೈತಿ ಅಂದ್ರ ನಾಕ ರೂಪಾಯಿ ಜಾಸ್ತಿ ಕೊಡಾಕೂ ನಾ ತಯಾರ ಅದೀನಿ.

ಆದ್ರ ಮುಟ್ಟಾತೈತೇನು? 2025ರ ನವೆಂಬರದಾಗ ಬೆಳಗಾವಿ ಜಿಲ್ಲಾದ ಗುರ್ಲಾಪುರ ಕ್ರಾಸಿನ್ಯಾಗ ಕಬ್ಬಿನ ರೈತರು ರಸ್ತೆದಾಗ ಮಲಗಿದ್ದ ನೀವೂ ಟಿವಿಯಾಗ ನೋಡೀರಿ. ಟನ್ನಿಗೆ 3500 ಕೇಳಿದ್ರು, ಕಡೀಕ 3300ಕ್ಕ ನಿಂತ್ತು. ಆಮ್ಯಾಲ ನಮ್ಮ ಮುಧೋಳ ಕಡೆ ಅದೂ ಸಾಲದಾಗಿ ಕಬ್ಬ ತುಂಬಿದ ಟ್ರ್ಯಾಕ್ಟರುಗಳಿಗೆ ಬೆಂಕಿ ಬಿತ್ತು, ಆ ಫೋಟೋ ನೋಡಿ ಅಪ್ಪ ಎರಡ ದಿನ ಸರಿಯಾಗಿ ಊಟ ಮಾಡಿಲ್ಲ, ಸುಟ್ಟಿದ್ದು ಯಾರದರ ಇರಲಿ ಅದು ಒಂದ ವರ್ಷದ ದುಡಿಮಿ. ಆ ಗದ್ದಲದಾಗ ರಾಜ್ಯ ಸರ್ಕಾರ ಹೇಳಿದ್ದ ಏನು, ಕೇಂದ್ರದವರು ನಮ್ಮ ಡಿಸ್ಟಿಲರಿಗಳಿಗೆ ಎಥನಾಲಿನ ಪಾಲು ಕಡಿಮಿ ಕೊಟ್ಟಾರ ಅಂತ. ಈಗ ಮೆಕ್ಕಿಜೋಳ ಅಕ್ಕಿಯಿಂದ ಬರೋ ಎಥನಾಲ್ ಕಬ್ಬಿನದಕ್ಕಿಂತ ಜಾಸ್ತಿ ಆಗೈತಿ. ಹಿಂಗಿದ್ದ ಮ್ಯಾಲ ಹಳೆ ಗಾಡಿಯಾಂವ ಬಾಯಿ ತಗದ್ರ ರೈತನ ವಿರೋಧಿ ಅನ್ನಬ್ಯಾಡ್ರಿ. ನಮ್ಮೂರಾಗ ಹಳೆ ಗಾಡಿಯಾಂವನ ರೈತ.

ಕಾರಿನ ಮಾತು ಬ್ಯಾರೆ ಐತಿ, ಸ್ವಲ್ಪ ಹೇಳಿ ಬಿಡ್ತೀನಿ. ನಮ್ಮ ಕಾಕಾನ ಮಗನ 2014ರ ಸಣ್ಣ ಕಾರಿಗೆ ನನ್ನ ಒಬಿಡಿ ಡಾಂಗಲ್ (ಕಾರಿನ ಕಂಪ್ಯೂಟರ್ ಓದೋ ಸಣ್ಣ ಯಂತ್ರ) ಹಾಕಿ ಮೊಬೈಲಿನ್ಯಾಗ ನೋಡಿದ್ನಿ, ಫ್ಯೂಯಲ್ ಟ್ರಿಮ್, ಅಂದ್ರ ಕಂಪ್ಯೂಟರ್ ಎಣ್ಣಿ ಎಷ್ಟ ಪರ್ಸೆಂಟ್ ಹೆಚ್ಚು ಕಡಿಮಿ ಮಾಡೈತಿ ಅನ್ನೋ ಲೆಕ್ಕ, ಪ್ಲಸ್ 7-8ರಾಗ ಕುಂತೈತಿ. ಅಂದ್ರ ಸೈಲೆನ್ಸರಿನ್ಯಾಗಿನ ಆಕ್ಸಿಜನ್ ಸೆನ್ಸರ್, ಹೊಗಿಯಾಗ ಗಾಳಿ ಜಾಸ್ತಿ ಉಳಿಯಾತೈತಿ ಅಂತ ಹೇಳತೈತಿ, ಕಂಪ್ಯೂಟರ್ ಅಷ್ಟ ಎಣ್ಣಿ ಜಾಸ್ತಿ ಬಿಡತೈತಿ, ಕಾರ್ ಸುಮ್ಮನ ಓಡತೈತಿ, ಅವಂಗ ಏನೂ ಗೊತ್ತಾಗಂಗಿಲ್ಲ, ಪೆಟ್ರೋಲ್ ಸ್ವಲ್ಪ ಬೇಗ ಖಾಲಿ ಆಗತೈತಿ ಅಷ್ಟ. ಪೆಟ್ರೋಲ್ ಒಂದ ಕಿಲೋ ಉರಿಯಾಕ ಹದಿನಾಲ್ಕೂವರಿ ಕಿಲೋದ ಮ್ಯಾಲ ಗಾಳಿ ಬೇಕು, ಎಥನಾಲಿಗೆ ಒಂಬತ್ತ ಕಿಲೋ ಸಾಕು, ಯಾಕಂದ್ರ ಆಕ್ಸಿಜನ್ ಅದರ ಹೊಟ್ಟಿಯಾಗ ಐತಿ. ಇ20ಕ್ಕ ಹದಿಮೂರೂವರಿ ಆಸುಪಾಸು. ಕಂಪ್ಯೂಟರ್ ಇರೋ ಗಾಡಿ ಇದನ್ನ ಸರಿದೂಗಿಸ್ಕೋತೈತಿ. ಕಾರ್ಬೋರೇಟರಿಗೆ ಕಂಪ್ಯೂಟರ್ ಇಲ್ಲ, ಅದಕ್ಕ ಇರೋದು ಹಿತ್ತಾಳಿ ಜೆಟ್ಟಿನ ಒಂದ ತೂತು, 2009ರಾಗ ಯಾವ ಪೆಟ್ರೋಲಿಗೆ ಕೊರದಾರೋ ಇವತ್ತೂ ಅಷ್ಟ. 2020ರ ಏಪ್ರಿಲಿಗೆ ಬಿಎಸ್6 ಅನ್ನೋ ಹೊಗಿ ಕಡಿಮಿ ಮಾಡೋ ನಿಯಮ ಬಂದ ಮ್ಯಾಲ ಬೈಕಿಗೂ ಇಂಜೆಕ್ಷನ್ (ಕಂಪ್ಯೂಟರ್ ಹೇಳಿದಷ್ಟ ಪೆಟ್ರೋಲ್ ಚಿಮ್ಮೋದು) ಬಂತು, ಅದಕ್ಕಿಂತ ಹಿಂದಿನ ಸಣ್ಣ ಬೈಕ್ ಹೆಚ್ಚುಕಡಿಮಿ ಎಲ್ಲಾ ಕಾರ್ಬೋರೇಟರ್. ಮುಂಜಾನೆ ಡೈರಿ ಮುಂದ ಬಂದ ನಿಂತ ಎಣಿಸ್ರಿ, ಹತ್ತರಾಗ ಎಷ್ಟ ಹಳೇವು ಅಂತ.

ಹೊಸಾದ ತಗೋರಿ ಅಂತಾರ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಬೈಕಿನ ಜಿಎಸ್‌ಟಿ 28ರಿಂದ 18ಕ್ಕ ಬಂತು, ಒಳ್ಳೇದ ಆತು, ತಗೊಳ್ಳೋರು ತಗೊಂಡ್ರು. ಎಲೆಕ್ಟ್ರಿಕ್ ತಗೋ ಅಂತಾರ, ನನಗ ಎಲೆಕ್ಟ್ರಿಕ್ ಗಾಡಿ ಅಂದ್ರ ಪ್ರಾಣ, ನಾಳೆ ರೊಕ್ಕ ಬಂದ್ರ ನಾಡದ ತಗೋತೀನಿ. ಆದ್ರ ಓಡೋ ಗಾಡಿನ ಗುಜರಿಗೆ ಹಾಕಿ ಸಾಲಾ ಮಾಡಿ ಹೊಸಾದ ತಾ ಅಂತ ಅರವತ್ತೇಳ ವರ್ಷದಾಂವಗ ಹ್ಯಾಂಗ ಹೇಳಲಿ?

ಈಗ ಬೈಕ್ ಕಂಪನಿಯವರಿಗೆ ಮಾತು. ಸರ್ಕಾರ 2025ರ ಆಗಸ್ಟಿನ್ಯಾಗ ಹೇಳಿತ್ತು, ಕೆಲವು ಹಳೆ ಗಾಡಿಗಳ ರಬ್ಬರ್ ಪಾರ್ಟ್ ಮತ್ತ ಗ್ಯಾಸ್ಕೆಟ್ 20ರಿಂದ 30 ಸಾವಿರ ಕಿಲೋಮೀಟರ್ ಆದ ಮ್ಯಾಲ ಬದಲಿ ಮಾಡಬೇಕಾಗಬಹುದು, ಅದು ಅಗ್ಗದ್ದು, ಸರ್ವಿಸಿನ್ಯಾಗ ಆಗಿಹೋಗತೈತಿ ಅಂತ. ನಾ ಅದನ್ನ ನಂಬಿ ಹೊಂಟ್ನಿ. ಶೋರೂಮಿಗೆ ಹೋದ್ನಿ, ಈ ಮಾಡೆಲ್ಲಿಗೆ ಇ20 ತಡಕೊಳ್ಳೋ ಪೈಪ್ ಮತ್ತ ಕಾರ್ಬೋರೇಟರ್ ಕಿಟ್ ಕೊಡ್ರಿ ಅಂದ್ರ ಕೌಂಟರಿನಾಂವ ಅರ್ಧ ತಾಸ ಕಂಪ್ಯೂಟರಿನ್ಯಾಗ ಹುಡುಕಿದ, ಹಳೇ ಪಾರ್ಟ್ ನಂಬರ್ ಬಂತು, ಅದು ಇ20ಕ್ಕ ನಡೀತೈತೋ ಇಲ್ಲೋ ಅಂದ್ರ ಅವನ ಹತ್ರ ಉತ್ತರ ಇಲ್ಲ. ಪ್ಯಾಟ್ಯಾಗ ಬಿಡಿಭಾಗದ ಅಂಗಡಿಗೆ ಹೋದ್ನಿ, ಅಲ್ಲಿ ಪೈಪ್ ಫೂಟ್ ಲೆಕ್ಕದಾಗ ಕೊಡ್ತಾರ, ಕತ್ತರಿಲೆ ಕತ್ತರಸಿ ಪೇಪರಿನ್ಯಾಗ ಸುತ್ತಿ, ಯಾವ ರಬ್ಬರ್ ಅಂತ ಕೇಳಿದ್ರ ಗಟ್ಟಿ ಐತಿ ತಗೋರಿ ಅಂತಾರ. ಅವರದೂ ತಪ್ಪಲ್ಲ, ಅದರ ಮ್ಯಾಲ ಬರದಿರಂಗಿಲ್ಲ. ಕಡೀಕ ಮೆಕ್ಯಾನಿಕ್ ಕಾಕಾ ಜೆಟ್ ಒಂದ ನಂಬರ್ ದೊಡ್ಡದ ಹಾಕಿ ಗಾಳಿ ಸ್ಕ್ರೂ ತಿರುವಿ ಕಿವಿಲೆ ಕೇಳಿ ಕೇಳಿ ಹೊಂದಿಸಿ ಕೊಟ್ಟ, ಈಗ ಮೂರನೇ ಕಿಕ್ಕಿಗೆ ಚಾಲೂ ಆಗತೈತಿ. ಮೂವತ್ತ ವರ್ಷದ ಅನುಭವ ಆ ಕಿವಿಯಾಗ ಐತಿ. ಆದ್ರ ಆ ಜೆಟ್ಟಿನ ನಂಬರ್ ಎಷ್ಟಿರಬೇಕು ಅಂತ ನಿಮ್ಮ ಲ್ಯಾಬಿನ್ಯಾಗ ನಿಮಗ ಗೊತ್ತೈತಿ, ಅದನ್ನ ಆ ಕಾಕಾಗ ಯಾಕ ಹೇಳವಲ್ರಿ?

ಅದಕ್ಕ ಒಂದ ಪಟ್ಟಿ ಹಚ್ಚರಿ. ಯಾವ ಮಾಡೆಲ್, ಯಾವ ವರ್ಷ, ಯಾವ ಪೈಪ್, ಯಾವ ಗ್ಯಾಸ್ಕೆಟ್, ಜೆಟ್ ಎಷ್ಟ ನಂಬರ್, ರೇಟ್ ಎಷ್ಟ. ಕನ್ನಡದಾಗ ಒಂದ ಹಾಳಿ, ಪ್ರತಿ ಶೋರೂಮಿನ ಗ್ವಾಡಿಗೆ ಒಂದು, ಪ್ರತಿ ಬಂಕಿನ್ಯಾಗ ಗಾಳಿ ಹಾಕೋ ಜಾಗಾದಾಗ ಒಂದು. ಕಿಟ್ ಮಾಡಿ ಇಡ್ರಿ, ರೊಕ್ಕಾ ಕೊಟ್ಟ ತಗೋತೀವಿ, ಪುಕ್ಸಟ್ಟೆ ಯಾರೂ ಕೇಳವಲ್ರು. ಎಣ್ಣಿ ಕಂಪನಿಯವರು ತಾಲೂಕಿಗೆ ಒಂದ ಬಂಕಿನ್ಯಾಗರ ಒಂದ ನಾಝಲ್ ಇ10 ಇಡ್ರಿ, ಹತ್ತ ವರ್ಷದಾಗ ಈ ಹಳೆ ಗಾಡಿಗಳು ತಾವ ಕಡಿಮಿ ಆಗ್ತಾವ, ಆಗ ತಗದ ಬಿಡ್ರಿ. ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ಕ್ಕ ಇದರ ಮ್ಯಾಲಿನ ಅರ್ಜಿ ವಜಾ ಮಾಡೈತಿ, ಅದು ನನಗ ಗೊತ್ತೈತಿ. ಕೋರ್ಟ್ ಹೇಳಲಿಲ್ಲ ಅಂದ ಮಾತ್ರಕ್ಕ ಸ್ಟಿಕರ್ ಹಚ್ಚಬಾರದು ಅಂತ ಏನೂ ಇಲ್ಲಲ್ರಿ. ಬ್ರೆಜಿಲ್ ಬ್ರೆಜಿಲ್ ಅಂತ ನೀವ ಉದಾಹರಣಿ ಕೊಡ್ತೀರಿ, ಅಲ್ಲಿ ಎರಡೂ ನಡಿಯೋ ಫ್ಲೆಕ್ಸ್ ಗಾಡಿ 2003ರಿಂದ ಬಂದಾವ, ಬಂಕಿನ್ಯಾಗ ಬರೇ ಎಥನಾಲಿಗೆ ಬ್ಯಾರೆ ನಾಝಲ್, ಮಿಶ್ರಣಕ್ಕ ಬ್ಯಾರೆ ನಾಝಲ್, ರೇಟ್ ನೋಡಿ ಮಂದಿ ತಾವ ಆರಿಸ್ಕೋತಾರ. ಇ20 ದಾಟಿ ಮುಂದ ಹೋಗೋ ಮಾತ ಈಗ ನಡದೈತಿ, ಹೋಗೋಣು, ಕಬ್ಬ ನಾವ ಬೆಳದ ಕೊಡ್ತೀವಿ, ಆದ್ರ ಈ ಸಲ ಮದಲ ಹೇಳ್ರಿ, ಆಮ್ಯಾಲ ಹಾಕ್ರಿ.

ಪತ್ರದ ಜೋಡಿ ಅಪ್ಪನ ಗಾಡಿಯ ಮಾಡೆಲ್ಲೂ ವರ್ಷಾನೂ ಬ್ಯಾರೆ ಹಾಳ್ಯಾಗ ಬರದ ನಿಮ್ಮ ಮೂರೂ ಕಡೆ ಪೋಸ್ಟಿನ್ಯಾಗ ಹಾಕಾತೀನಿ. ಪೈಪಿನದೂ ಗ್ಯಾಸ್ಕೆಟ್ಟಿನದೂ ನಂಬರ್ ಬರದ ಕಳಸ್ರಿ ಸಾಕು, ಹಾಕೋ ಕೆಲಸ ನಾ ಮಾಡ್ತೀನಿ, ಪಾನಾ ಸ್ಕ್ರೂಡ್ರೈವರ್ ಎಲ್ಲಾ ನನ್ನ ಹತ್ರ ಅದಾವ.

ಇಂತಿ,
ಜಮಖಂಡಿ ತಾಲೂಕಿನ ಕಬ್ಬ ಬೆಳೆಯೋ ಮನಿಯ ಒಬ್ಬ ಗಾಡಿ ಹುಚ್ಚಿನಾಂವ